ಹಬ್ಬಕ್ಕೆ ತೊಳೆದ ಬೂದಿ

ಬೂದಿ ಕೇಳಿಕೊಂಡು ಮಾನ್ವಿಯ ರೈಸ್ ಮಿಲ್ಲಿಗೆ ಹೋದ ದಿನ ಮಾಲೀಕರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಕೂರಿಸಿ, ಚಹಾ ತರಿಸಿ, ಆಮೇಲೆ ಮನಸಾರೆ ನಕ್ಕರು. ಹಣೆತುಂಬ ವಿಭೂತಿ ಹಚ್ಚಿಕೊಂಡ ದೊಡ್ಡ ಆಳು. ನಕ್ಕರೆ ಹೊಟ್ಟೆಯೆಲ್ಲ ಕುಲುಕುತ್ತಿತ್ತು.

“ಎಲ್ಲಾರೂ ಅಕ್ಕಿ ಕೇಳಾಕ ಬರ್ತಾರ್ರಿ ಮೇಡಂ. ನುಚ್ಚು ಕೇಳಾಕ ಬರ್ತಾರ, ತೌಡು ಕೇಳಾಕ ಬರ್ತಾರ. ಬೂದಿ ಕೇಳಾಕ ಬಂದವರು ನೀವೊಬ್ಬರ ನೋಡ್ರಿ.”

“ನೀವು ದಿನಾ ಮುಂಜಾನೆ ಹಣಿಗೆ ಹಚ್ಚಿಕೊಳ್ಳೋದು ಏನ್ರಿ ಮತ್ತ?” ಎಂದೆ.

“ಅದು ಬ್ಯಾರೆ, ಇದು ಬ್ಯಾರೆ ಬಿಡ್ರಿ. ಅಲ್ಲಾ, ಇದನ್ನ ಒಯ್ದು ಏನ್ ಮಾಡ್ತೀರಿ?”

“ನೀರು ಸೋಸ್ತೀನ್ರಿ.”

ಅವರು ನಗು ನಿಲ್ಲಿಸಿದರು. ಬಾಯ್ಲರಿನ ಹಿಂದೆ ಗುಡ್ಡದಂತೆ ಬಿದ್ದಿದ್ದ ಹೊಟ್ಟಿನ ಬೂದಿಯ ಕಡೆ ಕೈ ಮಾಡಿ, “ಒಯ್ರಿ. ನೀರಿನ ಕೆಲಸಕ್ಕ ಅಂದ್ರ ಕೇಳೋದೇ ಬ್ಯಾಡ, ಎಷ್ಟು ಬೇಕಷ್ಟು ಒಯ್ರಿ” ಎಂದರು. ಚೀಲ ತುಂಬಿಸಿಕೊಡಲು ಆಳುಗಳನ್ನೂ ಅವರೇ ಕರೆದರು.

ನಾನು ಕೆಲಸ ಮಾಡುವುದು ರಾಯಚೂರಿನಲ್ಲಿ, ನೀರು ಶುದ್ಧ ಮಾಡುವ ರಾಸಾಯನಿಕಗಳನ್ನು ತಯಾರಿಸುವ ಒಂದು ಕಂಪನಿಯಲ್ಲಿ. ಆಗ ಅದರ ಸಂಶೋಧನಾ ವಿಭಾಗದಲ್ಲಿದ್ದೆ. ವಿಭಾಗ ಎಂದರೆ ಏನೋ ಭಾರಿ ಅಂದುಕೊಳ್ಳಬೇಡಿ. ಪಟಿಕ ಕಾಯಿಸುವ ಶೆಡ್ಡಿನ ಹಿಂದೆ ಒಂದು ಕೋಣೆ, ಒಂದು ಓವನ್, ಒಂದು ಕುಲುಮೆ, ಉದ್ದನೆಯ ಗಾಜಿನ ನಳಿಕೆಗಳು, ಕರೆಂಟು ಹೋದರೆ ಕಣ್ಣು ಮುಚ್ಚುವ ತಕ್ಕಡಿ, ಮತ್ತು ನಾನು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಶೆಡ್ಡಿನವರೆಲ್ಲ ಹೇಳುತ್ತಿದ್ದರು. ಸುಳ್ಳಲ್ಲ. ಆದರೆ ನೀರಿನ ಮುಂದೆ ಸಿಟ್ಟು ನಡೆಯುವುದಿಲ್ಲ, ಅದು ತನಗೆ ಬೇಕಾದ ಹಾಗೆಯೇ ಇರುತ್ತದೆ.

ಆ ವರ್ಷ ನಮಗೆ ಬಂದಿದ್ದ ಕೆಲಸ ಹೀಗಿತ್ತು. ದೇವದುರ್ಗ ತಾಲ್ಲೂಕಿನ ಹಲವು ಊರುಗಳ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ನೆಲದೊಳಗಿನ ಕಲ್ಲಿನಿಂದ ನೀರಿಗೆ ಇಳಿಯುವ ಲವಣ ಅದು. ಸಣ್ಣಂದಿನಿಂದ ಅದನ್ನೇ ಕುಡಿದರೆ ಹಲ್ಲಿಗೆ ಕಂದು ಗೆರೆ ಬೀಳುತ್ತದೆ, ವಯಸ್ಸಾಗುತ್ತ ಹೋದಂತೆ ಎಲುಬು ಬಿಗಿದುಕೊಳ್ಳುತ್ತದೆ. ಈ ಫ್ಲೋರೈಡನ್ನು ಹಿಡಿದುಕೊಳ್ಳುವ, ಕರೆಂಟು ಬೇಡದ, ನಮ್ಮ ಸೀಮೆಯಲ್ಲೇ ಸಿಗುವ ಮಾಲಿನಿಂದ ಮಾಡಿದ ಒಂದು ಫಿಲ್ಟರ್ ಬೇಕು. ಒಂದು ಸಂಸ್ಥೆ ಇದಕ್ಕೆ ನೆರವು ಕೊಡಲು ಮುಂದೆ ಬಂದಿತ್ತು. ಒಂದು ಊರಿನಲ್ಲಿ ಇಟ್ಟು ತೋರಿಸಿ, ನಮ್ಮ ಪರೀಕ್ಷಕರು ಬಂದು ನೀರು ಒಯ್ದು ನೋಡುತ್ತಾರೆ, ಪಾಸಾದರೆ ಊರೂರಿಗೂ ಇಡೋಣ ಎಂದಿತ್ತು. ನಾನು ಹೊಟ್ಟಿನ ಬೂದಿಯನ್ನು ಆರಿಸಿಕೊಂಡೆ.

ಪ್ರಯೋಗಕ್ಕೆಂದು ಗೊತ್ತುಮಾಡಿದ ಊರು ಅರಕೇರಾದಿಂದ ಒಳಗೆ. ನೀರು ತರಲು ಕ್ಯಾನುಗಳನ್ನು ಜೀಪಿಗೆ ಹೇರಿಕೊಂಡು ಮಸರಕಲ್ ದಾಟಿ, ದೇವದುರ್ಗ ದಾಟಿ ಅಲ್ಲಿಗೆ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಶಾಲೆಯ ಅಂಗಳದಲ್ಲಿ ಬೋರು. ಪಕ್ಕದಲ್ಲೇ ಬಿಸಿಯೂಟದ ಅಡುಗೆಮನೆ. ಅಲ್ಲಿ ಅಡುಗೆ ಮಾಡುವ ಹೆಂಗಸು ಹೊರಗೆ ಬಂದು ನನ್ನನ್ನು ನೋಡಿದಳು. ನೋಡಿದಳು ಎಂದರೆ ಕತ್ತು ತಿರುಗಿಸಿ ಅಲ್ಲ. ಅವಳ ಕತ್ತು ತಿರುಗುತ್ತಿರಲಿಲ್ಲ. ನಿಂತಲ್ಲೇ ಇಡೀ ಮೈಯನ್ನು ಬಾಗಿಲಿನಂತೆ ತಿರುಗಿಸಿದಳು. ನನಗಿಂತ ಏಳೆಂಟು ವರ್ಷ ದೊಡ್ಡವಳಿರಬೇಕು, ಅಷ್ಟೇ. ಊರಿಗೆಲ್ಲ ಅವಳು ಅಡಿಗಿ ಅವ್ವ. ನಾನೂ ಅವ್ವಾ ಎಂದೇ ಕರೆಯತೊಡಗಿದೆ.

ಬಂದವರಿಗೆ ಮೊದಲು ನೀರು ಕೊಡಬೇಕು. ಅವ್ವ ತಿಕ್ಕಿ ತೊಳೆದ ಚರಿಗೆಯಲ್ಲಿ ನೀರು ತಂದು ಮುಂದೆ ಹಿಡಿದಳು. ನಾನು ಚೀಲದಿಂದ ನನ್ನ ಬಾಟಲಿ ತೆಗೆದು, “ನನ್ನ ಹತ್ರ ಅದವ್ವಾ” ಎಂದೆ.

ಚರಿಗೆ ಅಲ್ಲೇ ನಿಂತಿತು. “ನಮ್ಮ ನೀರು ನಿಮಗ ನಡಿಯಂಗಿಲ್ಲೇನ್ರಿ?”

ಅವಳು ಏನು ತಿಳಿದುಕೊಂಡಳು ಎಂದು ನನಗೆ ಥಟ್ಟನೆ ಹೊಳೆದು ಮುಖ ಬಿಸಿಯಾಯಿತು. “ಅಯ್ಯೋ, ಹಾಂಗಲ್ಲವ್ವಾ! ನೀರಾಗ ತಕರಾರು ಅದ, ಅದಕ್ಕ ನಾ ಬಂದಿದ್ದು” ಎಂದು ಫ್ಲೋರೈಡಿನ ವಿಷಯವೆಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು. ಹಲ್ಲು ಕಾಣಬಾರದೆಂದು ಹಾಗೆ ನಗುವ ರೂಢಿ ಆ ಊರಿನ ಎಲ್ಲ ಹೆಂಗಸರಿಗೂ ಇತ್ತು.

“ಸಿಹಿ ನೀರದರಿ ಇದು. ಸುತ್ತಿನ ಊರಾಗ ಇಂಥಾ ರುಚಿ ಎಲ್ಲೂ ಇಲ್ಲ. ಇರಲಿ ಬಿಡ್ರಿ, ನೀವು ಸೋಸಿ ಕೊಡ್ರಿ, ಆಮ್ಯಾಲ ಕುಡೀವಂತ್ರಿ” ಎಂದು ಚರಿಗೆಯ ನೀರನ್ನು ತಾನೇ ಗಟಗಟ ಕುಡಿದಳು. ಕತ್ತು ಹಿಂದಕ್ಕೆ ಬಾಗದ ಕಾರಣ ಸೊಂಟವನ್ನೇ ಹಿಂದೆ ಬಾಗಿಸಿ ಕುಡಿಯುತ್ತಿದ್ದಳು.

ರಾಯಚೂರಿಗೆ ಬಂದು ಕೆಲಸ ಹಿಡಿದೆ. ಬೂದಿಯಲ್ಲೂ ತರಾವರಿ ಇರುತ್ತದೆ. ಹೊಟ್ಟು ಅರ್ಧ ಉರಿದರೆ ಕಪ್ಪು ಬೂದಿ, ಅದರಲ್ಲಿ ಇದ್ದಿಲೇ ಹೆಚ್ಚು. ಅತಿಯಾಗಿ ಉರಿದರೆ ಬಿಳಿ ಬೂದಿ, ಅದು ಬಿಗಿದುಕೊಂಡು ಏನನ್ನೂ ಹಿಡಿಯುವುದಿಲ್ಲ. ನನಗೆ ಬೇಕಾದದ್ದು ನಡುವಿನದು, ಪಾರಿವಾಳದ ಬಣ್ಣದ್ದು. ಅದನ್ನು ಜರಡಿ ಹಿಡಿದು, ಕುದಿಸಿ, ಉಪ್ಪಿನಂಶ ಹೋಗುವ ತನಕ ತೊಳೆದು ಒಣಗಿಸುತ್ತಿದ್ದೆ. ಪಟಿಕದ ದ್ರಾವಣದಲ್ಲಿ ನೆನೆಹಾಕಿ, ತಿರುವುತ್ತ ತಿರುವುತ್ತ ಅಮೋನಿಯಾ ಹನಿಹನಿಯಾಗಿ ಬಿಡುತ್ತಿದ್ದೆ. ಆಗ ಬೂದಿಯ ಕಣಕಣದ ಮೇಲೂ ಅಲ್ಯೂಮಿನಿಯಮ್ಮಿನ ಒಂದು ತೆಳು ಲೇಪ ಕೂರುತ್ತದೆ. ಫ್ಲೋರೈಡನ್ನು ಹಿಡಿಯುವುದು ಆ ಲೇಪ. ಅಮೋನಿಯಾ ಘಾಟಿಗೆ ಕಣ್ಣಲ್ಲಿ ಬಳಬಳ ನೀರು. ಪಕ್ಕದ ಶೆಡ್ಡಿನವರು ಇಣುಕಿ, “ಯಾಕ್ರಿ ಮೇಡಂ ಅಳಾಕತ್ತೀರಿ?” ಎಂದು ಚುಡಾಯಿಸುತ್ತಿದ್ದರು.

ಲ್ಯಾಬಿನಲ್ಲಿ ನಾನೇ ಫ್ಲೋರೈಡ್ ಬೆರೆಸಿ ಮಾಡಿದ ನೀರನ್ನು ನಳಿಕೆಯಲ್ಲಿ ಬಿಟ್ಟಾಗ ಫಲಿತಾಂಶ ನೋಡಬೇಕಿತ್ತು, ಅಷ್ಟು ಚೆಂದ. ಕುಣಿಯುವುದೊಂದು ಬಾಕಿ. ಕ್ಯಾನಿನಲ್ಲಿ ತಂದಿದ್ದ ಊರಿನ ನೀರು ಬಿಟ್ಟೆ, ಮೊದಲ ಬಕೆಟ್ಟು ತುಂಬುವಷ್ಟರಲ್ಲಿ ಮಾಲು ಸೋತುಹೋಯಿತು. ನನ್ನ ನೀರಿನಲ್ಲಿ ಫ್ಲೋರೈಡ್ ಒಂದೇ ಇತ್ತು. ಊರಿನ ನೀರಿನಲ್ಲಿ ಅದರ ಜೊತೆ ಇನ್ನೂ ಹತ್ತಾರು ಲವಣಗಳಿದ್ದವು, ಎಲ್ಲವೂ ಆ ಲೇಪದ ಮೇಲೆ ಜಾಗ ಹಿಡಿಯಲು ನುಗ್ಗುತ್ತಿದ್ದವು. ಲೇಪವನ್ನು ದಪ್ಪ ಮಾಡಿದೆ, ಮತ್ತೆ ತೆಳು ಮಾಡಿದೆ, ತೊಳೆಯುವ ರೀತಿ ಬದಲಿಸಿದೆ. ಬೇಸಿಗೆ ಪೂರ್ತಿ ಇದರಲ್ಲೇ ಹೋಯಿತು.

ಮಾಲು ಒಂದು ಹದಕ್ಕೆ ಬಂದಾಗ ಅದನ್ನು ಜೇಡಿಯ ಜೊತೆ ಕಲಸಿ ಜೋಳದ ಕಾಳಿನಷ್ಟು ಗುಂಡು ಕಟ್ಟಿ, ದೊಡ್ಡ ಡ್ರಮ್ಮಿನಲ್ಲಿ ತುಂಬಿ ಶಾಲೆಯ ಅಂಗಳದಲ್ಲಿ ನಿಲ್ಲಿಸಿದೆವು. ಮೇಲೆ ಬೋರಿನ ನೀರು, ಕೆಳಗೆ ನಲ್ಲಿ. ನಲ್ಲಿ ತಿರುವಿದರೆ ಬೆಳ್ಳಗಿನ ನೀರು ಬಂತು! ಗುಂಡುಗಳು ಕರಗುತ್ತಿದ್ದವು. ಸುತ್ತ ನೆರೆದ ಹೆಂಗಸರು ಕಿಸಕ್ಕನೆ ನಕ್ಕರು. ಅಡಿಗಿ ಅವ್ವ ಗಂಭೀರವಾಗಿ, “ಮಜ್ಜಿಗಿ ಬರಾಕತ್ತದ ನೋಡ್ರಿ. ಉಪ್ಪು ಒಂದು ಹಾಕಿಬಿಟ್ರ ಊಟಕ್ಕ ಆತು” ಎಂದಳು. ನನಗೂ ನಗು ಬಂತು. ವಾಪಸು ಬರುವಾಗ ಜೀಪಿನಲ್ಲಿ ಮಾತ್ರ ಅಳು ಬಂತು, ಅದು ಅಮೋನಿಯಾದ್ದಲ್ಲ.

ಗುಂಡುಗಳನ್ನು ಕುಲುಮೆಯಲ್ಲಿ ಸುಟ್ಟರೆ ಗಟ್ಟಿಯಾಗುತ್ತವೆ, ಆದರೆ ಸುಟ್ಟಷ್ಟೂ ಅವುಗಳ ಹಿಡಿಯುವ ಶಕ್ತಿ ಕುಗ್ಗುತ್ತದೆ. ಕರಗದಷ್ಟು ಗಟ್ಟಿ, ಸಾಯದಷ್ಟು ಮೆತ್ತಗೆ, ಆ ಹದ ಹುಡುಕುವಷ್ಟರಲ್ಲಿ ಮಳೆಗಾಲ ಬಂತು. ಕೊನೆಗೂ ಸಿಕ್ಕಿತು. ಡ್ರಮ್ಮು ಮತ್ತೆ ತುಂಬಿಸಿದೆವು. ನಾನು ಎಲ್ಲರ ಮುಂದೆ ಗಾಜಿನ ಕೊಳವೆಯಲ್ಲಿ ಬೋರಿನ ನೀರು ಹಿಡಿದು ಪರೀಕ್ಷೆಯ ದ್ರವ ಹಾಕಿದೆ, ಹಳದಿಯಾಯಿತು. ನಲ್ಲಿಯ ನೀರಿಗೆ ಹಾಕಿದೆ, ಕೆಂಪಾಯಿತು.

“ಅರಿಷಿಣ ಆದ್ರ ಕೆಟ್ಟ ನೀರು, ಕುಂಕುಮ ಆದ್ರ ಚಲೋ ನೀರು. ಇಷ್ಟ ಅಲ್ಲೇನ್ರಿ?” ಎಂದಳು ಅವ್ವ. ಅಂದಿನಿಂದ ಆ ಊರಿನಲ್ಲಿ ಅದು ಕುಂಕುಮದ ನೀರು. ಆ ದಿನ ಅವಳು ಚರಿಗೆಯಲ್ಲಿ ಕೊಟ್ಟ ಕುಂಕುಮದ ನೀರನ್ನು ನಾನು ಒಂದೇ ಉಸಿರಿಗೆ ಕುಡಿದೆ. ನೆರೆದವರೆಲ್ಲ ಮದುವೆಮನೆಯಲ್ಲಿ ನಿಂತವರಂತೆ ನನ್ನನ್ನೇ ನೋಡುತ್ತಿದ್ದರು.

ಅವ್ವನ ಮಗಳು ಆಗ ಬಸುರಿ. ಅದೇ ಊರಿನಲ್ಲಿ ಕೊಟ್ಟಿದ್ದರು, ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಚುರುಕು ಹುಡುಗಿ. ವಾರಕ್ಕೊಮ್ಮೆ ನೀರು ಪರೀಕ್ಷಿಸಿ ಕೊಳವೆಯ ಫೋಟೊ ನನ್ನ ಫೋನಿಗೆ ಕಳಿಸುವ ಕೆಲಸ ಅವಳಿಗೆ ಕಲಿಸಿದೆ. ಅವ್ವ ಅವಳ ಹೊಟ್ಟೆಯ ಕಡೆ ನೋಡಿ, “ಈ ಕೂಸಿನ ಹಲ್ಲರ ಬೆಳ್ಳಗ ಬರ್ತಾವೇನ್ರಿ ಯವ್ವಾ?” ಎಂದಳು.

“ಈ ನೀರ ಕುಡಿಸಿದ್ರ ಬರ್ತಾವವ್ವಾ. ಹಾಲಹಲ್ಲಿಗೆ ಅಷ್ಟೇನಿಲ್ಲ. ಹಾಲಹಲ್ಲು ಬಿದ್ದು ಬರ್ತಾವಲ್ಲ ಖಾಯಂ ಹಲ್ಲು, ಅವು ಒಳಗ ತಯಾರಾಗೋದು ಏಳೆಂಟು ವರ್ಷದ ತನಕ. ಅಲ್ಲಿತನಕ ಇದ ನೀರು ಬೇಕು.”

“ಕುಡಸ್ತೀವಿ ತಗೋರಿ. ಡ್ರಮ್ಮು ಇಲ್ಲೇ ಇರ್ತದಲ್ಲ” ಎಂದಳು. ಕೂಸಿನ ಬಾಯಿ ಚೆಂದ ಇರಬೇಕು, ಅದು ಸೆರಗು ಮುಚ್ಚಿಕೊಳ್ಳದೆ ನಗಬೇಕು, ಅವಳಿಗೆ ಬೇಕಾದದ್ದು ಅದೊಂದೇ. ಆಮೇಲೆ ನನಗೂ ಅದೊಂದೇ ಆಯಿತು. ಸಂಸ್ಥೆ, ಪರೀಕ್ಷಕರು, ಯೋಜನೆ ಎಲ್ಲ ಹಿಂದೆ ಸರಿದು, ಇನ್ನೂ ಹುಟ್ಟದ ಒಂದು ಕೂಸಿನ ಹಲ್ಲು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಮಳೆಗಾಲ ಮುಗಿಯುವ ತನಕ ಪ್ರತಿ ವಾರವೂ ಕುಂಕುಮದ ಫೋಟೊ ಬರುತ್ತಿತ್ತು. ಸಂಸ್ಥೆಯವರು ದಸರಾ ಆದ ಕೂಡಲೇ ಪರೀಕ್ಷಕರನ್ನು ಕಳಿಸುತ್ತೇವೆ ಎಂದರು. ನಮ್ಮ ಯೂನಿಟ್ ಹೆಡ್ಡು ಹೈದರಾಬಾದಿನ ಕಡೆಯವರು, ಮಾತಿಗೊಮ್ಮೆ ತೆಲುಗಿನ ‘ಗಾರು’ ಹಚ್ಚುವವರು, ಅವರಿಗಂತೂ ಹಿಗ್ಗೋ ಹಿಗ್ಗು. ಆಯುಧ ಪೂಜೆಯ ದಿನ ಅವ್ವನ ಮಗಳಿಂದ ಬೇರೆ ಥರದ ಫೋಟೊ ಬಂತು. ಡ್ರಮ್ಮಿಗೆ ಚೆಂಡುಹೂವಿನ ಮಾಲೆ, ಕುಂಕುಮ, ವಿಭೂತಿಯ ಪಟ್ಟೆ, ಮುಂದೆ ಒಡೆದ ತೆಂಗಿನಕಾಯಿ. ನಾನು ಕೈ ಮುಗಿದ ಚಿತ್ರ ಕಳಿಸಿ, ನಮ್ಮ ಲ್ಯಾಬಿನ ಓವನ್ನಿಗೂ ಒಂದು ಮಾಲೆ ಹಾಕಿದೆ.

ಬನ್ನಿ ಮುಡಿದ ಮರುದಿನ ಪರೀಕ್ಷಕರನ್ನು ಕರೆದುಕೊಂಡು ಊರಿಗೆ ಹೋದೆ. ಹೆಂಗಸರು ನಮ್ಮಿಬ್ಬರ ಕೈಗೂ ಬನ್ನಿ ಎಲೆ ಕೊಟ್ಟು, “ಬಂಗಾರದಂಗ ಇರೋಣ್ರಿ” ಎಂದರು. ಪರೀಕ್ಷಕರು ಮೌನದ ಮನುಷ್ಯ, ಎಲೆಯನ್ನು ಕಿಸೆಯಲ್ಲಿಟ್ಟುಕೊಂಡು ತಮ್ಮ ಬಾಟಲಿಗಳನ್ನು ತೆಗೆದರು. ನಲ್ಲಿಯ ನೀರಿನಿಂದ ಬಾಟಲಿಯನ್ನು ಗಲಬರಿಸಿ ಚೆಲ್ಲಿ, ಆಮೇಲೆ ತುಂಬಿಸಿ, ಮುಚ್ಚಳ ಬಿಗಿದು ಸೀಲು ಹಾಕಿದರು. ಅವರ ಕೆಲಸ ಮುಗಿಯಲಿ ಎಂದು ಕಾದು, ನಾನೂ ಸುಮ್ಮನೆ ನಲ್ಲಿಯ ಕೆಳಗೆ ಕೈಯೊಡ್ಡಿದೆ.

ನೀರು ಬೆರಳಿಗೆ ಜಾರಿತು. ಸಾಬೂನು ಮುಟ್ಟಿದ ಹಾಗೆ.

ರಸಾಯನಶಾಸ್ತ್ರ ಓದಿದವರಿಗೆ ಆ ಜಾರುವಿಕೆ ಸಾಕು. ಕ್ಷಾರ! ಕೊಳವೆಯಲ್ಲಿ ನೀರು ಹಿಡಿದು ದ್ರವ ಹಾಕಿದೆ. ಅರಿಷಿಣವೆಂದರೆ ಅರಿಷಿಣ, ಬೋರಿನ ನೀರಿಗಿಂತಲೂ ಗಾಢ.

“ಅವ್ವಾ, ಡ್ರಮ್ಮಿಗೆ ಏನರ ಮಾಡೀರೇನು?”

ಅವ್ವ ಹೆಮ್ಮೆಯಿಂದ ಮೈ ತಿರುಗಿಸಿದಳು. “ತೊಳದೀವ್ರಿ! ಹಬ್ಬ ಅಲ್ಲೇನ್ರಿ? ಮನ್ಯಾಗಿನ ಕೌದಿ, ಹಾಸಿಗಿ, ಭಾಂಡಿ ಎಲ್ಲಾ ತೊಳದ್ವಿ. ಪೂಜಿ ಮಾಡಬೇಕಂದ್ರ ಟ್ರ್ಯಾಕ್ಟರ್ ತೊಳಿತಾರ, ಕೂರಿಗಿ ತೊಳಿತಾರ. ಇದೊಂದನ್ನ ಹೊಲಸು ಬಿಟ್ಟು ಹ್ಯಾಂಗ ಹೂ ಏರಸೋದ್ರಿ? ಮುಚ್ಚಳ ಬಿಚ್ಚಿ ಒಳಗಿನ ಕಾಳು ಎಲ್ಲಾ ತಗದು, ದೊಡ್ಡ ಹಂಡ್ಯಾಗ ಬಟ್ಟಿ ಸೋಡಾ ಹಾಕಿ, ಬಿಸಿನೀರಾಗ ತಿಕ್ಕಿ ತಿಕ್ಕಿ ತೊಳದೀವಿ. ಆ ಪರಿ ಹೊಲಸು ಬಿಡ್ತು ನೋಡ್ರಿ! ತೊಳದಿದ್ದ ಕೌದಿ ಮ್ಯಾಲ ಒಣಗಿಸಿ ಮತ್ತ ಹಾಂಗ ತುಂಬೀವಿ. ಒಂದ ಕಾಳು ಸತೇಕ ಕೆಳಗ ಬಿದ್ದಿಲ್ಲ.”

“ಯಾರೂ ಮುಚ್ಚಳ ಬಿಚ್ಚಬಾರದು ಅಂದಿದ್ದೆನಲ್ಲವ್ವಾ!” ನನ್ನ ದನಿ ಏರಿತು.

“ಬ್ಯಾರೆಯವರು ಮುಟ್ಟಬಾರದು ಅಂದಿದ್ರಿ,” ಎಂದಳು ಅವಳು, ನನ್ನ ಸಿಟ್ಟಿಗೆ ಬೆರಗಾಗಿ. “ನಾವು ಬ್ಯಾರೆಯವರೇನ್ರಿ?”

ಬಟ್ಟೆ ಸೋಡಾ ಎಂದರೆ ಒಳ್ಳೆ ಕ್ಷಾರ. ಲೇಪವು ಫ್ಲೋರೈಡನ್ನು ಬಿಗಿಯಾಗಿ ಹಿಡಿದುಕೊಂಡಿರುವುದು ನೀರು ತನ್ನ ಹದದಲ್ಲಿರುವ ತನಕ ಮಾತ್ರ. ಸೋಡಾ ತಾಗಿತೆಂದರೆ ಹಿಡಿತ ಸಡಿಲುತ್ತದೆ. ಹಂಡೆಯಲ್ಲಿ ಚೆಲ್ಲಿಹೋಗಿ ಉಳಿದದ್ದು, ಮಳೆಗಾಲ ಪೂರ್ತಿ ಹಿಡಿದಿಟ್ಟದ್ದರಲ್ಲಿ ಒಂದು ಪಾಲು, ಈಗ ನಲ್ಲಿಯಲ್ಲಿ ಬರುತ್ತಿತ್ತು. ಎರಡು ದಿನದಿಂದ ಊರು ಅದನ್ನೇ ಕುಡಿದಿತ್ತು. ಸ್ವಲ್ಪ ಸಪ್ಪಗೆ ಅನಿಸಿತಂತೆ, ಹೊಸದಾಗಿ ತೊಳೆದದ್ದಕ್ಕೆ ಹಾಗೆ ಎಂದುಕೊಂಡರಂತೆ. ಎರಡು ದಿನಕ್ಕೆ ಯಾರಿಗೂ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತು. ಆದರೂ ಅವ್ವನ ಮಗಳು ತುಂಬಿದ ಹೊಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತದ್ದನ್ನು ನೋಡಿ ನಲ್ಲಿಯನ್ನು ಬಿಗಿಯಾಗಿ ಮುಚ್ಚಿದೆ.

ಪರೀಕ್ಷಕರಿಗೆ ನಡೆದದ್ದೆಲ್ಲ ಹೇಳಿ, ಹೊಸ ಮಾಲು ತುಂಬಿದ ಮೇಲೆ ಇನ್ನೊಮ್ಮೆ ನೀರು ಒಯ್ಯಿರಿ ಎಂದು ಕೇಳಿಕೊಂಡೆ. ಅವರು ಪಾಪ, ಕಿಸೆಯ ಮೇಲೆ ಕೈಯಿಟ್ಟುಕೊಂಡು, “ನನ್ನ ಕೈಲಿ ಇಲ್ಲ ಮೇಡಂ” ಎಂದರು. ಸೀಲಾದ ಬಾಟಲಿ ಹೊರಟುಹೋಯಿತು. ಲ್ಯಾಬಿನಲ್ಲಿ ಉಳಿದಿದ್ದ ಕೊನೆಯ ಗುಂಡುಗಳನ್ನೆಲ್ಲ ನಾನು ಮರುದಿನವೇ ತಂದು ಡ್ರಮ್ಮಿಗೆ ತುಂಬಿದೆ. ನೀರು ಮತ್ತೆ ಕುಂಕುಮವಾಯಿತು, ಆದರೆ ಬಾಟಲಿಯಲ್ಲಿದ್ದದ್ದು ಅರಿಷಿಣವೇ.

ಫಲಿತಾಂಶ ಬಂದ ದಿನ ಯೂನಿಟ್ ಹೆಡ್ಡು ಕರೆಸಿ ಬಾಗಿಲು ಮುಚ್ಚಿದರು. “ಮೇಡಂ ಗಾರು, ಕೋಪ ಮಾಡ್ಕೋಬೇಡಿ. ಒಂದೇ ದಾರಿ ಇದೆ. ಊರಿನವರು ಡ್ರಮ್ಮು ಬಿಚ್ಚಿ ಹಾಳು ಮಾಡಿದರು ಅಂತ ವರದಿಯಲ್ಲಿ ಬರೀರಿ. ಆ ಊರನ್ನ ಬಿಟ್ಟುಬಿಡೋಣ. ಬೇರೆ ಊರು ಕೊಡ್ತಾರೆ, ಮೊದಲಿಂದ ಮಾಡೋಣ.”

“ಆ ಬ್ಯಾರೆ ಊರಾಗ ದಸರಾ ಇಲ್ಲೇನ್ರಿ ಸರ್?” ಎಂದೆ.

ಅವರು ಹಣೆ ಒತ್ತಿಕೊಂಡರು. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದಿದ್ದವು. “ಯಾವ ಊರಿಗೆ ಒಯ್ದಿಟ್ರೂ ಹಬ್ಬಕ್ಕ ತೊಳಿತಾರ್ರಿ. ಮನಿದು ಅನಿಸಿದ್ದಕ್ಕ ತೊಳಿತಾರ. ತೊಳದ್ರ ವಿಷ ಬಿಡೋ ಮಾಲು ಊರಿಗೆ ಕೊಡಾಕ ಬರಂಗಿಲ್ಲ. ಬಿಚ್ಚಾಕ ಬರಲಾರದಂಗ, ತೊಳದ್ರೂ ತಡಕೊಳ್ಳೋ ಹಂಗ ಮಾಡಬೇಕು. ಇನ್ನೊಂದು ವರ್ಷ ಕೊಡ್ರಿ, ಮಾಡ್ತೀನಿ.”

ವರದಿಯಲ್ಲೂ ಹಾಗೆಯೇ ಬರೆದೆ. ಊರಿನ ಹೆಂಗಸರ ಮೇಲೆ ಒಂದು ಮಾತನ್ನೂ ಹಾಕಲಿಲ್ಲ. ನಮ್ಮ ಸೀಮೆಯ ಮನೆಗಳ ರೂಢಿಗೆ ಈ ಮಾಲು ತಡೆಯುವುದಿಲ್ಲ, ಇನ್ನೂ ಕೆಲಸ ಬೇಕು ಎಂದೆ. ಸಂಸ್ಥೆಯವರು ವರದಿ ಓದಿ, ಪ್ರಾಮಾಣಿಕವಾಗಿದೆ ಎಂದು ಹೊಗಳಿ, ಯೋಜನೆ ನಿಲ್ಲಿಸಿದರು. ವರ್ಷವೂ ಸಿಗಲಿಲ್ಲ, ತಿಂಗಳೂ ಸಿಗಲಿಲ್ಲ. ಸಂಶೋಧನೆಯ ಕೋಣೆಗೆ ಪಟಿಕದ ಚೀಲಗಳು ಬಂದು ಕೂತವು. ನನ್ನನ್ನು ಮಾಲಿನ ಗುಣಮಟ್ಟ ನೋಡುವ ಕಡೆಗೆ ಹಾಕಿದರು. ಈಗಲೂ ಅಲ್ಲೇ ಇದ್ದೇನೆ. ಕುಲುಮೆಯನ್ನು ಯಾರಿಗೋ ಕೊಟ್ಟರಂತೆ, ಕೇಳಲು ಹೋಗಲಿಲ್ಲ.

ಡ್ರಮ್ಮು ಏನು ಮಾಡೋಣ ಎಂದು ಹೆಡ್ಡನ್ನು ಕೇಳಿದೆ. “ಬಿಡಿ ಮೇಡಂ ಗಾರು, ಗುಜರಿ ಅದು, ಅಲ್ಲೇ ಇರಲಿ” ಎಂದರು. ಸದ್ಯಕ್ಕೆ ನಾನೂ ಅದನ್ನು ಅಲ್ಲೇ ಬಿಟ್ಟೆ. ಭಾನುವಾರ ಬಿಡುವಾದಾಗಲೆಲ್ಲ ದೇವದುರ್ಗದ ಬಸ್ಸು ಹಿಡಿದು, ಅಲ್ಲಿಂದ ಅರಕೇರಾಕ್ಕೆ, ಅಲ್ಲಿಂದ ಯಾರಾದರೂ ಮೋಟಾರ್‌ಸೈಕಲ್ಲಿನವರ ಹಿಂದೆ ಕೂತು ಹೋಗುತ್ತಿದ್ದೆ. ದೀಪಾವಳಿ ಹೊತ್ತಿಗೆ ಕೂಸು ಹುಟ್ಟಿತು, ಹೆಣ್ಣು. ಬಾಣಂತಿಗೆ ಅಡುಗೆಗೂ ಕುಡಿಯಲೂ ಕುಂಕುಮದ ನೀರೇ. ಅವ್ವ ಮೊಮ್ಮಗಳನ್ನು ಮಡಿಲಲ್ಲಿ ಹಾಕಿಕೊಂಡು, ಮುಖ ನೋಡಲು ಕತ್ತು ಬಾಗದೆ, ಕೂಸನ್ನೇ ಎರಡೂ ಕೈಯಲ್ಲಿ ಕಣ್ಣಿನ ಎತ್ತರಕ್ಕೆ ಎತ್ತಿ ಹಿಡಿದು ಮಾತಾಡಿಸುತ್ತಿದ್ದಳು.

ಆದರೆ ಮಾಲಿಗೂ ಆಯುಸ್ಸಿದೆ. ಹೊಸ ಗುಂಡು ಮಾಡಲು ನನಗೆ ಕೋಣೆಯಿಲ್ಲ, ಕುಲುಮೆಯಿಲ್ಲ. ಯುಗಾದಿ ಸಮೀಪಿಸಿದಾಗ ಕೊಳವೆಯ ಕೆಂಪು ಒಂದಿಷ್ಟು ಪೇಲವವಾಯಿತು. ನೀರು ಇನ್ನೂ ಕುಡಿಯುವ ಹಾಗೇ ಇತ್ತು, ಆದರೆ ಎಷ್ಟು ದಿನ? ಪರೀಕ್ಷೆಯ ದ್ರವವೂ ತಳ ಕಂಡಿತ್ತು. ನಾನು ಸುಮ್ಮನಾಗಿಬಿಟ್ಟರೆ ಡ್ರಮ್ಮು ಅಲ್ಲೇ ನಿಂತಿರುತ್ತದೆ, ನಲ್ಲಿಯಲ್ಲಿ ನೀರು ಬರುತ್ತಿರುತ್ತದೆ, ಒಳಗೆ ಮಾಲು ಸತ್ತಿರುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಮುಂದಿನ ದಸರೆಗೆ ಮತ್ತೆ ತೊಳೆಯುತ್ತಾರೆ, ಮತ್ತೆ ಆ ಜಾರುವ ನೀರು, ಈ ಸಲ ಕೂಸಿನ ಬಾಯಿಗೆ. ಎಷ್ಟೋ ದಿನ ಇದನ್ನೇ ತಿರುವಿ ಹಾಕಿದೆ. ಊರಿನಿಂದ ಡ್ರಮ್ಮು ಎತ್ತಿಸುವುದು ನನ್ನ ಕೈಯಾರೆ ಆಗಬೇಕು ಎಂಬ ತೀರ್ಮಾನಕ್ಕೆ ಬಂದಾಗ ಊಟ ಸೇರಲಿಲ್ಲ.

ಹೋಗಿ ಹೇಳಿದೆ. ಮುಂದಿನ ಭಾನುವಾರ ಬಂದು ಒಯ್ಯುತ್ತೇನೆ ಎಂದೆ.

“ಬಣ್ಣ ನೋಡೋದ ಬ್ಯಾಡ್ರಿ ಯವ್ವಾ,” ಎಂದಳು ಅವ್ವ. “ಡ್ರಮ್ಮು ಇರಲಿ. ಅರ್ಧರ ಸೋಸ್ತದಲ್ಲ?”

“ಅರ್ಧಾನೂ ಸೋಸಂಗಿಲ್ಲವ್ವಾ ಮುಂದ. ನೀವು ಸೋಸೇದ ಅಂತ ನಂಬಿ ಕುಡೀತೀರಿ. ಬೋರಿಂದು ಅಂದ್ರ ಬೋರಿಂದು ಅಂತರ ಗೊತ್ತಿರ್ತದ. ಕೂಸಿಗಂತ ಅರಕೇರಾದಿಂದ ಶುದ್ಧ ನೀರಿಂದು ಒಂದು ಕ್ಯಾನು ತರಸ್ರಿ.”

“ಗಾಡಿ ಇದ್ದವರಿಗೆ ಅದು.”

ಆಮೇಲೆ ಅವಳೇ ಕೇಳಿದಳು. “ನಾವು ತೊಳದಿದ್ದಕ್ಕ ಹೋತೇನ್ರಿ ಇದು?”

ಇಲ್ಲ ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು. “ತೊಳದದ್ದಕ್ಕ ಆತವ್ವಾ,” ಎಂದೆ. “ಆದ್ರ ತೊಳದದ್ದು ತಪ್ಪಲ್ಲ. ತೊಳದ್ರ ತಡಕೊಳ್ಳೋವಂಥದ್ದು ಅದು ಆಗಬೇಕಿತ್ತು, ಆಗಲಿಲ್ಲ.” ಅವಳು ಅಂಗಳದ ಕಡೆ ಮೈ ತಿರುಗಿಸಿ, ಡ್ರಮ್ಮನ್ನು ನೋಡುತ್ತ ನಿಂತಳು. ಅದರ ಮೇಲೆ ಹಬ್ಬದ ವಿಭೂತಿಯ ಪಟ್ಟೆ ಇನ್ನೂ ಅರೆಬರೆ ಉಳಿದಿತ್ತು.

ಭಾನುವಾರ ಟಂಟಂ ಗಾಡಿ ಮಾಡಿಕೊಂಡು ಹೋದೆ. ಗಾಡಿಯವನೂ ನಾಲ್ಕು ಜನ ಗಂಡಾಳುಗಳೂ ಸೇರಿ ಡ್ರಮ್ಮನ್ನು ಎತ್ತಿ ಹಾಕಿದರು. ಅದರ ಜಾಗದಲ್ಲಿ ನೆಲದ ಮೇಲೆ ಒಂದು ಹಸಿ ವೃತ್ತ ಉಳಿಯಿತು. ಅವ್ವ ಅಲ್ಲಿರಲಿಲ್ಲ. ಮನೆಗೆ ಹೋದೆ.

ಒಳಗೆ ಕಾಲಿಡಲು ಜಾಗವಿರಲಿಲ್ಲ. ಹಂಡೆ, ಕೊಡ, ಗಡಿಗೆ, ಪಾತೇಲಿ, ಶಾಲೆಯ ಅಡುಗೆಯ ದೊಡ್ಡ ತಪ್ಪಲೆ, ಚರಿಗೆ, ಲೋಟ, ಉಪ್ಪಿನಕಾಯಿಯ ಖಾಲಿ ಬರಣಿ, ಎಲ್ಲದರಲ್ಲೂ ಅಂಚಿನ ತನಕ ನೀರು. ಪ್ರತಿಯೊಂದನ್ನೂ ಬೂದಿ ಹಾಕಿ ಬೆಳ್ಳಗೆ ತಿಕ್ಕಿದ್ದರು. ಮೇಲೆ ತಟ್ಟೆ, ಮೊರ, ತೊಳೆದ ಬಟ್ಟೆ ಮುಚ್ಚಿದ್ದರು. ವಾರವಿಡೀ ತುಂಬಿದ್ದಾರೆ. ನೆರೆಮನೆಯವರೂ ತಮ್ಮ ಪಾತ್ರೆಗಳನ್ನು ಕೊಟ್ಟಿದ್ದಾರೆ. ನಡುವೆ ತೊಟ್ಟಿಲು, ಅದರಲ್ಲಿ ಕೂಸು ತನ್ನ ಮುಷ್ಟಿಯನ್ನು ಕಡಿಯುತ್ತ ಮಲಗಿತ್ತು. ಹಲ್ಲು ಬರುವ ಮುಂಚೆ ಒಸಡು ತುರಿಸುವ ಕಾಲ.

“ಇಷ್ಟು ಸಾಕಾಗ್ತದೇನ್ರಿ ಯವ್ವಾ,” ಎಂದಳು ಅವ್ವ, “ಇದರ ಹಲ್ಲು ತಯಾರಾಗೋತನಕ?”

ಏಳೆಂಟು ವರ್ಷ ಎಂದು ನಾನೇ ಹೇಳಿದ್ದೆ. ಅವಳು ಮರೆಯುವ ಪೈಕಿ ಅಲ್ಲ.

“ಸಾಲಂಗಿಲ್ಲವ್ವಾ.”

“ಗೊತ್ತದರಿ ನನಗ,” ಎಂದಳು. “ಆದ್ರೂ ಇನ್ನ ಬರಾಕತ್ತಿತ್ತಲ್ಲ ನಲ್ಲ್ಯಾಗ. ಬಿಡಾಕ ಮನಸಾಗಲಿಲ್ಲ.”

ನನಗೆ ಅಳು ತಡೆಯಲಾಗಲಿಲ್ಲ. ಅವ್ವ ನನ್ನನ್ನು ಕೂರಿಸಿದಳು. ಬಂದವರಿಗೆ ನೀರು ಕೊಡಬೇಕಲ್ಲ, ಹತ್ತಿರದ ಗಡಿಗೆಯ ಬಟ್ಟೆ ಸರಿಸಿ ಲೋಟ ತುಂಬಿ ಹಿಡಿದಳು. “ಕುಡೀರಿ. ಕುಂಕುಮದ್ದ ಅದ.”

“ನೀವು ಯಾವುದು ಕುಡಿಯಾಕತ್ತೀರಿ?”

ಅವಳು ಮೂಲೆಯ ಕಡೆ ಕೈ ಮಾಡಿದಳು. ಅಲ್ಲೊಂದು ಪ್ಲಾಸ್ಟಿಕ್ ಕೊಡ ಬೇರೆಯಾಗಿ ಕೂತಿತ್ತು. “ನಮಗೇನ್ರಿ, ಬೋರಿಂದ.”

ನಾನು ಲೋಟವನ್ನು ಅವಳ ಕೈಯಿಂದ ಇಸಿದುಕೊಂಡು, ಹನಿ ಚೆಲ್ಲದಂತೆ ಗಡಿಗೆಗೇ ಮರಳಿ ಸುರಿದು ಬಟ್ಟೆ ಮುಚ್ಚಿದೆ. ಮೂಲೆಯ ಕೊಡದಿಂದ ತುಂಬಿಕೊಂಡೆ. ಆ ಊರಿನ ಬೋರಿನ ನೀರನ್ನು ನಾನು ಕುಡಿದದ್ದು ಅದೇ ಮೊದಲು. ಅವಳು ಹೇಳಿದ್ದು ನಿಜ, ಸಿಹಿಯಾಗಿತ್ತು.